ಜುನಿಪರ್ ಕಾಯಿ: ಗುಣ ಮಾತ್ರ ಫಾರ್ವರ್ಡ್ ಆಯ್ತು, ಅಳತೆ ಅಲ್ಲೇ ಉಳೀತು

ಒಂದೇ ವಾರದಲ್ಲಿ ಎರಡು ಕಡೆಯಿಂದ ಜುನಿಪರ್ ಹೆಸರು ಕಿವಿಗೆ ಬಿತ್ತು. ಮೊದಲನೆಯದು ಈ ಲೇಖನಗಳನ್ನು ಓದುವ ಹುಡುಗನೊಬ್ಬ ಕಳಿಸಿದ ಫೋಟೊ. ಕಪ್ಪು ಪಾಲಿಥಿನ್ ಚೀಲದಲ್ಲಿ ಮೊಣಕಾಲೆತ್ತರದ ಹಸಿರು ಗಿಡ. ಕೆಳಗೆ ಮೆಸೇಜು: "ಅಕ್ಕಾ, ಇದು ಜುನಿಪರ್ ಅಂತೆ. ಗಿಡಕ್ಕೆ 450 ರೂಪಾಯಿ. ಮೂರನೇ ವರ್ಷದಿಂದ ಕಾಯಿ ಬಿಡುತ್ತಂತೆ. ಜಿನ್ ಮಾಡೋರು, ಆಯುರ್ವೇದದವರು ತೋಟಕ್ಕೇ ಬಂದು ಕೊಂಡ್ಕೋತಾರಂತೆ. ಅಡಿಕೆ ಮಧ್ಯೆ 200 ಗಿಡ ಹಾಕ್ಲಾ?"

ಎರಡನೆಯದು ನಮ್ಮ ಮನೆಯದೇ. ನನ್ನ ಸೋದರಮಾವನಿಗೆ ಹದಿನೈದು ವರ್ಷದಿಂದ ಶುಗರ್ರು, ಜೊತೆಗೆ ಬಿಪಿ. ಎರಡು ವರ್ಷದಿಂದ ಕಿಡ್ನಿಯೂ ಸ್ವಲ್ಪ ಸೋತಿದೆ. ಅವರನ್ನು ನೋಡೋಕೆ ಹೋದಾಗ ಊಟದ ಟೇಬಲ್ ಮೇಲೆ ಗಾಜಿನ ಡಬ್ಬಿಯೊಂದಿತ್ತು, ಅದರ ತುಂಬ ಕಪ್ಪು ಮೆಣಸಿಗಿಂತ ದಪ್ಪಗಿನ, ನೀಲಿಗಪ್ಪು ಬಣ್ಣದ ಕಾಯಿ. "ನೋಡಮ್ಮಾ, ಜುನಿಪರ್ ಬೆರ್ರಿ ಅಂತ. ಕಿಡ್ನಿ ಕ್ಲೀನ್ ಮಾಡತ್ತೆ. ಆನ್‌ಲೈನಲ್ಲಿ ತರಿಸಿದೆ. ದಿನಾ ಬೆಳಗ್ಗೆ ಒಂದು ಹಿಡಿ ಕುದಿಸಿ ಕುಡೀತೀನಿ, ನೀರು ಚೆನ್ನಾಗಿ ಹೋಗತ್ತೆ" ಅಂದರು. ಎಷ್ಟು ದಿನದಿಂದ ಅಂತ ಕೇಳಿದೆ. ಆರು ವಾರ ಆಗಿತ್ತು.

ಇಬ್ಬರಿಗೂ ಉತ್ತರ ಕೊಡಬೇಕಾದರೆ ಈ ಗಿಡದ ಬಗ್ಗೆ ಸರಿಯಾಗಿ ಓದಿಕೊಳ್ಳಲೇಬೇಕಿತ್ತು. ಓದಿದ್ದನ್ನು ಇಲ್ಲಿ ಹಂಚಿಕೊಳ್ತಿದ್ದೀನಿ.

ಮೊದಲು ಗಿಡ ಪರಿಚಯ

ಔಷಧಿಗೆ ಬಳಸುವ ಜುನಿಪರ್‌ನ ಸಸ್ಯಶಾಸ್ತ್ರದ ಹೆಸರು ಜುನಿಪೆರಸ್ ಕಮ್ಯುನಿಸ್. ಸೈಪ್ರೆಸ್ ಕುಟುಂಬದ ಗಿಡ. ಅಂದರೆ ಪೈನ್, ದೇವದಾರುಗಳ ಹಾಗೆ ಹೂವು ಬಿಡದ ಶಂಕುವೃಕ್ಷಗಳ ಗುಂಪಿಗೆ ಸೇರಿದ್ದು. ಹಾಗಾಗಿ ನಾವು ಬೆರ್ರಿ ಅನ್ನೋದು ನಿಜವಾದ ಹಣ್ಣೇ ಅಲ್ಲ. ಪೈನ್ ಕಾಯಿಯ ಮೇಲೆ ಮರದ ಚಕ್ಕೆಯಂಥ ಹಲ್ಲೆಗಳಿರುತ್ತವಲ್ಲ, ಜುನಿಪರ್‌ನಲ್ಲಿ ಆ ಹಲ್ಲೆಗಳೇ ಮೆತ್ತಗಾಗಿ, ಒಂದಕ್ಕೊಂದು ಬೆಸೆದು, ಗುಂಡಗಾಗಿವೆ. ಒಳಗೆ ಸಾಮಾನ್ಯವಾಗಿ ಮೂರು ಬೀಜ. ಕಾಯಿಯ ತುದಿಯನ್ನು ಹತ್ತಿರದಿಂದ ನೋಡಿದರೆ ಮೂರು ಗೆರೆ ಸೇರಿದ ಗುರುತು ಕಾಣುತ್ತೆ. ಅದು ಬೆಸುಗೆಯ ಗುರುತು. ಡಬ್ಬಿಯಲ್ಲಿರೋದು ಅಸಲಿಯೋ ನಕಲಿಯೋ ಅಂತ ನೋಡೋಕೆ ನಾನು ಮೊದಲು ಹುಡುಕಿದ್ದು ಅದನ್ನೇ. ಮಾವನ ಡಬ್ಬಿಯಲ್ಲಿದ್ದದ್ದು ಅಸಲಿ.

ಕಾಲೇಜಿನಲ್ಲಿದ್ದಾಗ ಸ್ಟಡಿ ಟೂರ್‌ಗೆ ಹಿಮಾಚಲಕ್ಕೆ ಹೋಗಿದ್ದೆವು. ಮನಾಲಿಯಿಂದ ರೋಹ್ತಾಂಗ್ ಕಡೆಗೆ ಏರುವ ದಾರಿಯಲ್ಲಿ, ದೊಡ್ಡ ಮರಗಳೆಲ್ಲ ಮುಗಿದ ಮೇಲೆ, ಬಂಡೆಗಳ ಮಧ್ಯೆ ನೆಲಕ್ಕೆ ಅಂಟಿಕೊಂಡಂತೆ ಹಬ್ಬಿದ ಪೊದೆಗಳಿದ್ದವು. ಕೈ ಹಾಕಿದರೆ ಚುಚ್ಚುತ್ತೆ. ಎಲೆ ಅಂದರೆ ಸೂಜಿ, ಒಂದೊಂದು ಗಂಟಿನಲ್ಲಿ ಮೂರು ಮೂರು. ಪ್ರತಿ ಸೂಜಿಯ ಮೇಲ್ಭಾಗದಲ್ಲಿ ಒಂದು ಬಿಳಿ ಪಟ್ಟಿ. ಈ ಎರಡು ಗುರುತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ. ನಮ್ಮ ದೇಶದಲ್ಲಿ ಇದು ಕಾಶ್ಮೀರದಿಂದ ಉತ್ತರಾಖಂಡದವರೆಗೆ, ಸುಮಾರು 1,700 ಮೀಟರ್‌ಗಿಂತ ಎತ್ತರದಲ್ಲಿ ತಾನಾಗೇ ಬೆಳೆಯುತ್ತೆ. ಹೊರಗೆ ಯುರೋಪ್, ಉತ್ತರ ಏಷ್ಯಾ, ಉತ್ತರ ಅಮೆರಿಕದಲ್ಲೆಲ್ಲ ಇದೆ.

ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಜಾಯಿಕಾಯಿ ಹಾಕಿದವರಿಗೆ ಈ ಕಷ್ಟ ಏನು ಅಂತ ವಿವರಿಸಬೇಕಾಗಿಲ್ಲ. ಹೆಣ್ಣು ಗಿಡದಲ್ಲೂ ಕಾಯಿ ಹಣ್ಣಾಗೋಕೆ ಒಂದೂವರೆ ವರ್ಷದಿಂದ ಮೂರು ವರ್ಷ ಹಿಡಿಯುತ್ತೆ. ಮೊದಲ ವರ್ಷ ಹಸಿರು, ಆಮೇಲೆ ನೀಲಿಗಪ್ಪು, ಮೇಲೆ ದ್ರಾಕ್ಷಿಯ ಮೇಲಿರುವಂಥ ಬೂದಿ. ಹೀಗಾಗಿ ಒಂದೇ ರೆಂಬೆಯಲ್ಲಿ ಈ ವರ್ಷದ ಹಣ್ಣೂ ಮುಂದಿನ ವರ್ಷದ ಕಾಯಿಯೂ ಪಕ್ಕಪಕ್ಕದಲ್ಲಿ ಇರುತ್ತವೆ. ಯುರೋಪಿನ ಹಳ್ಳಿಗಳಲ್ಲಿ ಪೊದೆಯ ಕೆಳಗೆ ಬಟ್ಟೆ ಹಾಸಿ, ಕೋಲಿನಿಂದ ಮೆಲ್ಲಗೆ ತಟ್ಟುತ್ತಾರೆ. ಕಳಿತದ್ದು ಉದುರುತ್ತೆ, ಹಸಿರು ಉಳಿಯುತ್ತೆ. ಜೋರಾಗಿ ಬಡಿದರೆ ಮುಂದಿನ ವರ್ಷದ ಫಸಲೇ ಬಟ್ಟೆ ಮೇಲೆ ಬೀಳುತ್ತೆ.

ಯಾರು, ಯಾತಕ್ಕೆ ಬಳಸಿದರು

ಆಯುರ್ವೇದದಲ್ಲಿ ಇದಕ್ಕೆ ಹಪುಷಾ ಅಂತ ಹೆಸರು. ಉತ್ತರದ ಗಿಡಮೂಲಿಕೆ ಅಂಗಡಿಗಳಲ್ಲಿ ಹೌಬೇರ್. ಹೊಟ್ಟೆಯುಬ್ಬರ, ಅಜೀರ್ಣ, ಮೂಲವ್ಯಾಧಿ, ಮೂತ್ರ ಕಟ್ಟುವುದು ಇಂಥವಕ್ಕೆ ಬಳಕೆ. ಚರಕ ಸಂಹಿತೆಯಲ್ಲಿ ಗುಲ್ಮ, ಅಂದರೆ ಹೊಟ್ಟೆಯಲ್ಲಿ ವಾಯು ಗಂಟು ಕಟ್ಟಿದ ಹಾಗಾಗುವ ತೊಂದರೆಗೆ, ಹಪುಷಾದ್ಯ ಘೃತ ಅಂತ ಒಂದು ತುಪ್ಪ ಹೇಳಿದ್ದಾರೆ. ಅದರಲ್ಲಿ ಏನೇನಿದೆ ನೋಡಿ: ಹಪುಷಾ ಜೊತೆ ಶುಂಠಿ, ಮೆಣಸು, ಹಿಪ್ಪಲಿ, ಚಿತ್ರಮೂಲ, ಸೈಂಧವ ಉಪ್ಪು, ದಾಳಿಂಬೆ ರಸ, ಹಾಲು, ಮೊಸರು, ಕೊನೆಗೆ ಎಲ್ಲವನ್ನೂ ಹಿಡಿದಿಡೋಕೆ ತುಪ್ಪ. ತೀಕ್ಷ್ಣವಾದ ಕಾಯಿ ಅಂತ ಗೊತ್ತಿದ್ದೇ ಅದನ್ನು ಒಂಟಿಯಾಗಿ ಬಿಟ್ಟಿಲ್ಲ. ಹಿಡಿಗಟ್ಟಲೆ ಹಪುಷಾ ಕುದಿಸಿ ಕುಡಿ ಅಂತ ಅಲ್ಲಿ ಯಾರೂ ಹೇಳಿಲ್ಲ.

ಯುನಾನಿಯಲ್ಲಿ ಇದು ಅಬ್ಹಲ್. ಮೂತ್ರ ಹೆಚ್ಚಿಸೋಕೆ, ನಿಂತ ಮುಟ್ಟು ಬರಿಸೋಕೆ ಕೊಡುತ್ತಿದ್ದರು. ಈ ಎರಡನೇ ಉಪಯೋಗ ಓದಿದ ತಕ್ಷಣ ನಮಗೆ ಇನ್ನೊಂದು ವಿಷಯ ಹೊಳೀಬೇಕು: ಬಸುರಿಯರು ಇದರ ಹತ್ತಿರ ಹೋಗಬಾರದು.

ಲಡಾಖ್, ಸ್ಪಿತಿ, ಟಿಬೆಟ್ ಕಡೆ ಔಷಧಿಗಿಂತ ಹೊಗೆಯೇ ಮುಖ್ಯ. ಅಲ್ಲಿ ಜುನಿಪರ್‌ಗೆ ಶುಕ್ಪಾ ಅಂತಾರೆ. ಅಲ್ಲಿ ಹೆಚ್ಚಾಗಿ ಸಿಗೋದು ಇದೇ ಕುಲದ ಬೇರೆ ಜಾತಿಗಳು, ಕೆಲವು ದೊಡ್ಡ ಮರವಾಗುವಂಥವು. ಮನೆಯಲ್ಲಿ, ಗೊಂಪಾಗಳಲ್ಲಿ ಬೆಳಗ್ಗೆ ಅದರ ಸೊಪ್ಪು ಸುಟ್ಟು ಧೂಪ ಹಾಕ್ತಾರೆ. ಮನೆ ಶುದ್ಧವಾಗುತ್ತೆ, ಕಾಯಿಲೆ ದೂರ ಹೋಗುತ್ತೆ ಅನ್ನೋ ನಂಬಿಕೆ. ಬೈಲಕುಪ್ಪೆಗೋ ಮುಂಡಗೋಡಿನ ಕ್ಯಾಂಪಿಗೋ ಹೋದವರು ಈ ವಾಸನೆ ಕುಡಿದೇ ಬಂದಿರುತ್ತೀರಿ, ಅಲ್ಲಿ ಮಾರುವ ಟಿಬೆಟನ್ ಊದುಬತ್ತಿಗಳಲ್ಲಿ ಜುನಿಪರ್ ಇರುತ್ತೆ. ನಮ್ಮ ಕನ್ನಡನಾಡಿಗೂ ಜುನಿಪರ್‌ಗೂ ಇರುವ ಹಳೇ ನಂಟು ಅಂದರೆ ಬಹುಶಃ ಇದೊಂದೇ, ಅದೂ 1960ರ ದಶಕದಿಂದ ಈಚೆಗಿನದ್ದು.

ಯುರೋಪಿನಲ್ಲಂತೂ ಇದು ಮನೆಮದ್ದುಗಳ ರಾಜ. ರೋಮನ್ ಕಾಲದ ಗ್ರೀಕ್ ವೈದ್ಯ ಡಯಾಸ್ಕೊರಿಡಿಸ್, ಅಂದರೆ ಸುಮಾರು 1,950 ವರ್ಷದ ಹಿಂದೆ, ಇದು ಮೈ ಬಿಸಿ ಮಾಡುತ್ತೆ, ಮೂತ್ರ ಇಳಿಸುತ್ತೆ, ಹೊಟ್ಟೆಗೆ, ಕೆಮ್ಮಿಗೆ ಒಳ್ಳೆಯದು ಅಂತ ಬರೆದಿಟ್ಟ. ಪ್ಲೇಗ್ ಬಂದಾಗ ಬೀದಿಗಳಲ್ಲಿ, ಮನೆಗಳಲ್ಲಿ ಜುನಿಪರ್ ಕಟ್ಟಿಗೆ ಸುಟ್ಟರು. ಕೆಟ್ಟ ಗಾಳಿಯಿಂದ ರೋಗ ಬರುತ್ತೆ ಅಂತ ಆಗಿನ ತಿಳಿವಳಿಕೆ. ಪ್ಲೇಗ್ ಬರೋದು ಇಲಿಯ ಚಿಗಟದಿಂದ, ಹೊಗೆಯಿಂದ ಎಷ್ಟು ಉಪಯೋಗ ಆಗಿರಬಹುದು ನೀವೇ ಯೋಚಿಸಿ. ಕೀಲುನೋವಿಗೆ ಇದರ ಎಣ್ಣೆಯನ್ನು ಬೇರೆ ಎಣ್ಣೆಯಲ್ಲಿ ಬೆರೆಸಿ ಹಚ್ಚುತ್ತಿದ್ದರು. ಹಾಲೆಂಡಿನಲ್ಲಿ ಜುನಿಪರ್ ಹಾಕಿ ಬಟ್ಟಿ ಇಳಿಸಿದ ಸಾರಾಯಿ 'ಜೆನೆವರ್' ಮೊದಲು ಮದ್ದಿನ ಅಂಗಡಿಯಲ್ಲೇ ಮಾರಾಟವಾಗಿದ್ದು, ಅದು ಇಂಗ್ಲೆಂಡಿಗೆ ಹೋಗಿ ಜಿನ್ ಆಯ್ತು. ಹೊಟ್ಟೆನೋವಿನ ಮದ್ದು ಬಾರಿಗೆ ಹೋದ ಕಥೆ! ಈಗ ಗೋವಾದಲ್ಲಿ ತಯಾರಾಗುವ ಒಂದು ಜಿನ್‌ಗೆ ಹಪುಸಾ ಅಂತಲೇ ಹೆಸರಿಟ್ಟಿದ್ದಾರೆ, ಹಿಮಾಲಯದ ಜುನಿಪರ್ ಹಾಕಿದ್ದು. ಹುಡುಗನಿಗೆ ಗಿಡ ಮಾರಲು ಬಂದವನು "ಜಿನ್ ಮಾಡೋರು" ಅಂತ ಹೇಳಿದ್ದು ಪೂರ್ತಿ ಬುರುಡೆ ಅಲ್ಲ ಅನ್ನೋದು ಇದಕ್ಕೇ.

ಅಡುಗೆಯಲ್ಲೂ ಇದೆ. ಜರ್ಮನ್ನರು ಹುಳಿ ಹಿಡಿಸಿದ ಎಲೆಕೋಸಿಗೆ, ಬೇಟೆಯ ಮಾಂಸಕ್ಕೆ ನಾಲ್ಕೈದು ಕಾಯಿ ಜಜ್ಜಿ ಹಾಕ್ತಾರೆ. ಎಲೆಕೋಸು, ಕೊಬ್ಬಿನ ಮಾಂಸ ಎರಡೂ ಹೊಟ್ಟೆಯಲ್ಲಿ ವಾಯು ಮಾಡುವಂಥವು. ನಾವು ಹುರುಳಿ, ಅವರೆಗೆ ಇಂಗು ಹಾಕೋ ಲೆಕ್ಕವೇ ಅದು.

ಪಾದ್ರಿಯ ಲೆಕ್ಕ

ಇಷ್ಟರಲ್ಲಿ ನನಗೆ ತುಂಬ ಹಿಡಿಸಿದ್ದು ಸೆಬಾಸ್ಟಿಯನ್ ಕ್ನೈಪ್ ಎಂಬ ಜರ್ಮನ್ ಪಾದ್ರಿಯ ಪದ್ಧತಿ. 1821ರಿಂದ 1897ರವರೆಗೆ ಬದುಕಿದ್ದ ಇವರು ಬವೇರಿಯಾದ ಹಳ್ಳಿಯಲ್ಲಿ ನೀರಿನ ಚಿಕಿತ್ಸೆಗೆ ಹೆಸರಾದವರು. ನಮ್ಮ ಪ್ರಕೃತಿ ಚಿಕಿತ್ಸೆಯವರಿಗೆಲ್ಲ ಪರಿಚಿತ ಹೆಸರು. ಹೊಟ್ಟೆ ದುರ್ಬಲ ಇರುವವರಿಗೆ ಅವರು ಹೇಳಿದ್ದು ಹೀಗೆ: ಮೊದಲ ದಿನ 4 ಕಾಯಿ ಅಗಿದು ತಿನ್ನಿ. ಎರಡನೇ ದಿನ 5. ಮೂರನೇ ದಿನ 6. ಹೀಗೆ ದಿನಕ್ಕೊಂದು ಏರಿಸುತ್ತಾ ಹನ್ನೆರಡನೇ ದಿನಕ್ಕೆ 15. ಅಲ್ಲಿಂದ ದಿನಕ್ಕೊಂದು ಇಳಿಸುತ್ತಾ ಬನ್ನಿ.

ಬೀಜ ತೂಗುವ ನನ್ನ ಪುಟ್ಟ ತಕ್ಕಡಿಯಲ್ಲಿ ಮಾವನ ಡಬ್ಬಿಯಿಂದ 15 ಒಣಕಾಯಿ ಹಾಕಿ ನೋಡಿದೆ. 2 ಗ್ರಾಂ ಕೂಡ ಮುಟ್ಟಲಿಲ್ಲ. ಆಮೇಲೆ ಮಾವನಿಗೆ "ನೀವು ದಿನಾ ಹಾಕೋ ಅಷ್ಟು ಹಾಕಿ" ಅಂದೆ. ಅವರು ಹಿಡಿ ತುಂಬಿ ಹಾಕಿದರು. 19 ಗ್ರಾಂ. ಕ್ನೈಪ್ ಪಾದ್ರಿ ಹನ್ನೆರಡು ದಿನ ಹತ್ತಿ ಮುಟ್ಟಿದ ತುದಿಯ ಹತ್ತರಷ್ಟನ್ನು ನಮ್ಮ ಮಾವ ಮೊದಲ ದಿನವೇ ಶುರು ಮಾಡಿ, ಆರು ವಾರ ಒಂದು ದಿನ ತಪ್ಪದೆ ನಡೆಸಿದ್ದರು.

ಇನ್ನು ಆಧುನಿಕರ ಲೆಕ್ಕ. ಗಿಡಮೂಲಿಕೆಗಳನ್ನು ಪರಿಶೀಲಿಸೋಕೆ ಜರ್ಮನ್ ಸರ್ಕಾರ ಮಾಡಿದ್ದ ಕಮಿಷನ್ ಇ ಎಂಬ ತಜ್ಞರ ಸಮಿತಿ, ಜುನಿಪರ್ ಕಾಯಿಯನ್ನು ಅಜೀರ್ಣದ ತೊಂದರೆಗಳಿಗೆ ಒಪ್ಪಿತು. ದಿನಕ್ಕೆ 2ರಿಂದ 10 ಗ್ರಾಂ ಒಣಕಾಯಿ, ವೈದ್ಯರ ಸಲಹೆ ಇಲ್ಲದೆ ನಾಲ್ಕು ವಾರಕ್ಕಿಂತ ಹೆಚ್ಚು ಬೇಡ. ಗರ್ಭಿಣಿಯರಿಗೆ ಬೇಡ. ಕಿಡ್ನಿಯಲ್ಲಿ ಉರಿಯೂತ ಇದ್ದವರಿಗೆ ಬೇಡ. ಯುರೋಪಿಯನ್ ಔಷಧ ಸಂಸ್ಥೆಯ ಗಿಡಮೂಲಿಕೆ ಸಮಿತಿಯೂ ಅಜೀರ್ಣಕ್ಕೆ ಮತ್ತು ಸಣ್ಣಪುಟ್ಟ ಮೂತ್ರದ ತೊಂದರೆಗಳಲ್ಲಿ ಮೂತ್ರ ಹೆಚ್ಚಿಸೋಕೆ ಅಂತ ಒಪ್ಪಿದೆ. ಆದರೆ ಒಪ್ಪಿರೋದು ಬಹುಕಾಲದ ಬಳಕೆಯ ಆಧಾರದ ಮೇಲೆ ಮಾತ್ರ, ರೋಗಿಗಳ ಮೇಲೆ ದೊಡ್ಡ ಪ್ರಯೋಗ ಮಾಡಿ ಸಾಬೀತಾಯ್ತು ಅಂತ ಅಲ್ಲ. ಈ ವ್ಯತ್ಯಾಸ ಪ್ಯಾಕೆಟ್ ಮಾರುವವರು ಹೇಳಲ್ಲ.

ಕಾಯಿಯ ಒಳಗೆ ಏನಿದೆ

ಒಣಕಾಯಿಯಲ್ಲಿ ಒಂದೆರಡು ಪರ್ಸೆಂಟ್ ಸುಗಂಧ ತೈಲ. ಅದರಲ್ಲಿ ಆಲ್ಫಾ ಪೈನೀನ್ ಜಾಸ್ತಿ. ಪೈನ್ ಮರದ, ಟರ್ಪೆಂಟೈನಿನ ವಾಸನೆ ಕೊಡೋದು ಅದೇ. ಜೊತೆಗೆ ಸ್ಯಾಬಿನೀನ್, ಮಿರ್ಸೀನ್, ಲಿಮೊನೀನ್, ಟರ್ಪಿನೆನ್-4-ಆಲ್ ಇವೆ. ಮೂತ್ರ ಹೆಚ್ಚಿಸೋ ಗುಣ ಈ ಕೊನೆಯದ್ದು ಅಂತ ಹೇಳ್ತಾರೆ. ತೈಲದ ಜೊತೆ ಸಕ್ಕರೆ ಅಂಶವೂ ಬೇಕಾದಷ್ಟಿದೆ, ಕಳಿತ ಕಾಯಿ ಅಗಿದರೆ ಮೊದಲು ಸಿಹಿ, ಆಮೇಲೆ ಕಹಿ, ಕೊನೆಗೆ ಗಂಟಲಲ್ಲಿ ಕರ್ಪೂರದಂಥ ಘಾಟು.

ತೈಲ ಇರೋದು ಕಾಯಿಯ ತಿರುಳಲ್ಲಿ, ಬೀಜದ ಮೇಲಿನ ಸಣ್ಣ ಚೀಲಗಳಲ್ಲಿ. ಹಾಗಾಗಿ ಇಡೀ ಕಾಯಿ ನೀರಿಗೆ ಹಾಕಿದರೆ ಏನೂ ಬಿಡಲ್ಲ, ಪುಡಿ ಮಾಡಿಟ್ಟರೆ ಹಾರಿಹೋಗುತ್ತೆ. ಯುರೋಪಿನ ಮನೆಗಳಲ್ಲಿ ಕಷಾಯ ಮಾಡುವ ಕ್ರಮ ಇದು: ಆಗಿಂದಾಗ 2 ಗ್ರಾಂನಷ್ಟು ಜಜ್ಜಿ, ಲೋಟಕ್ಕೆ ಹಾಕಿ, ಕುದಿಯುವ ನೀರು ಹೊಯ್ದು, ತಟ್ಟೆ ಮುಚ್ಚಿ ಹತ್ತು ನಿಮಿಷ ಇಡೋದು. ಒಲೆ ಮೇಲಿಟ್ಟು ಕುದಿಸಲ್ಲ. ಏಲಕ್ಕಿ, ಮೆಣಸು ಬೆಳೆಯುವ ನಮಗೆ ಇದು ಹೊಸದಲ್ಲ, ಚಹಾ ಇಳಿಸುವಾಗ ಏಲಕ್ಕಿ ಜಜ್ಜಿ ಹಾಕೋದು ಇದೇ ಕಾರಣಕ್ಕೆ. ಮಾವ ಅರ್ಧ ಗಂಟೆ ಕುದಿಸುತ್ತಿದ್ದರು, ಅದೂ ಜಜ್ಜದೆ. ತೈಲದ ಅರ್ಧಭಾಗ ಅಡುಗೆಮನೆಯ ಗಾಳಿಗೆ ಹೋಗಿರಬೇಕು. ಅವರ ಅದೃಷ್ಟ.

"ನೀರು ಚೆನ್ನಾಗಿ ಹೋಗತ್ತೆ"

ಮೂತ್ರ ಜಾಸ್ತಿ ಹೋದರೆ ಕಿಡ್ನಿ ಕ್ಲೀನ್ ಆಯ್ತು ಅನ್ನೋದು ನಮ್ಮಲ್ಲಿ ಗಟ್ಟಿಯಾಗಿ ಕೂತಿರುವ ತಪ್ಪು. ಕಿಡ್ನಿ ಅನ್ನೋದು ಡ್ರಿಪ್ಪಿನ ಫಿಲ್ಟರ್ ಅಲ್ಲ, ಜೋರಾಗಿ ನೀರು ಬಿಟ್ಟರೆ ಕಸ ಹೊರಗೆ ಹೋಗೋಕೆ. ಅದು ಜೀವಂತ ಜೀವಕೋಶಗಳ ಜಾಲ. ಸೋತ ಎತ್ತಿಗೆ ಚಾಟಿ ಹೊಡೆದರೆ ನಾಲ್ಕು ಹೆಜ್ಜೆ ಜೋರಾಗಿ ಹಾಕುತ್ತೆ, ಅದನ್ನು ಎತ್ತು ಚೇತರಿಸಿಕೊಂಡಿದೆ ಅಂತ ತಿಳಿದರೆ ಹೇಗೆ? ಜುನಿಪರ್ ತೈಲ ಕಿಡ್ನಿಯನ್ನು ಕೆರಳಿಸಿ ಕೆಲಸ ಮಾಡಿಸುತ್ತೆ ಅಂತ ಹಳೆಯ ವೈದ್ಯರು ನಂಬಿದ್ದರು. ಅದಕ್ಕೇ ಕಿಡ್ನಿ ರೋಗಿಗೆ ಕೊಡಬೇಡಿ ಅಂದರು. ನ್ಯಾಯವಾಗಿ ಇನ್ನೊಂದು ಮಾತೂ ಹೇಳಬೇಕು. ಹಳೆಯ ವಿಷಬಾಧೆಯ ವರದಿಗಳಲ್ಲಿ ಕೆಲವು ಟರ್ಪೆಂಟೈನ್ ಬೆರೆತ ಕಳಪೆ ಎಣ್ಣೆಯಿಂದ ಆಗಿದ್ದಿರಬೇಕು ಅಂತ ಈಚಿನ ಸಂಶೋಧಕರು ವಾದಿಸಿದ್ದಾರೆ. ಶುದ್ಧ ತೈಲವನ್ನು ಇಲಿಗಳಿಗೆ ಕೊಟ್ಟು ನೋಡಿದಾಗ ಕಿಡ್ನಿಗೆ ಹಾನಿ ಕಾಣಲಿಲ್ಲ. ಆದರೆ ಅವು ಆರೋಗ್ಯವಂತ ಇಲಿಗಳು. ಸೋತ ಕಿಡ್ನಿಯವರಿಗೆ ಹಾಕಿದ ನಿಷೇಧವನ್ನು ಯಾರೂ ತೆಗೆದಿಲ್ಲ.

ಅಂದರೆ "ಜುನಿಪರ್ ಕಿಡ್ನಿಗೆ ಒಳ್ಳೆಯದು" ಅನ್ನೋ ಮಾತು ಯಾವ ಪರಂಪರೆಯಿಂದ ಬಂತೋ, "ಕಿಡ್ನಿ ಕಾಯಿಲೆ ಇದ್ದವರಿಗೆ ಜುನಿಪರ್ ಬೇಡ" ಅನ್ನೋದೂ ಅದೇ ಪರಂಪರೆಯಿಂದ ಬಂದದ್ದು. ಮೊಬೈಲಿಗೆ ಬಂದಿದ್ದು ಮೊದಲಿನ ಅರ್ಧ ಮಾತ್ರ.

ಮಾವನಿಗೆ ಇಷ್ಟೆಲ್ಲ ಹೇಳಿದ ಮೇಲೆ ಅವರು ಇನ್ನೊಂದು ವಿಷಯ ಬಾಯಿ ಬಿಟ್ಟರು. ಡಾಕ್ಟರು ಕೊಟ್ಟಿದ್ದ ನೀರು ಹೋಗೋ ಮಾತ್ರೆಯನ್ನು ಮೂರು ವಾರದಿಂದ ನಿಲ್ಲಿಸಿಬಿಟ್ಟಿದ್ದರು. "ಕಾಯಲ್ಲೇ ಆಗತ್ತಲ್ಲಮ್ಮ, ಮಾತ್ರೆ ಯಾಕೆ ಸುಮ್ನೆ" ಅಂತ. ಪಾದ ಊದಿಕೊಂಡಿತ್ತು, ಸಾಕ್ಸಿನ ಗುರುತು ಒತ್ತಿ ಕೂತಿತ್ತು. ಮರುದಿನವೇ ಕರೆದುಕೊಂಡು ಹೋದೆ. ಬಿಪಿ ಏರಿತ್ತು, ಕ್ರಿಯಾಟಿನಿನ್ ಹಿಂದಿನ ಸಲಕ್ಕಿಂತ ಮೇಲಿತ್ತು. ಕಾಯಿಯಿಂದಲೇ ಏರಿದ್ದು ಅಂತ ಡಾಕ್ಟರು ಹೇಳಲಿಲ್ಲ, ಹಾಗೆ ಹೇಳೋಕೆ ಬರಲ್ಲ ಅಂದರು. ಮಾತ್ರೆ ಬಿಟ್ಟಿದ್ದೂ ಇರಬಹುದು, ಕಾಯಿಲೆ ತಾನಾಗೇ ಮುಂದುವರಿದಿದ್ದೂ ಇರಬಹುದು, ಎಲ್ಲ ಸೇರಿಯೂ ಇರಬಹುದು. ಕಾಯಿ ನಿಲ್ಲಿಸಿ ಮಾತ್ರೆ ಶುರು ಮಾಡಿದ ಮೇಲೆ ಊತ ಇಳಿಯಿತು. ಕ್ರಿಯಾಟಿನಿನ್ ಸ್ವಲ್ಪ ಇಳಿದಿದೆ, ಮೊದಲಿನ ಮಟ್ಟಕ್ಕೆ ಬಂದಿಲ್ಲ. ಶುಗರ್ ಮಾತ್ರೆ, ಬಿಪಿ ಮಾತ್ರೆ, ನೀರಿನ ಮಾತ್ರೆ ತಗೊಳ್ಳೋರು ಯಾರೇ ಆಗಲಿ, ಈ ಕಾಯಿ ಮಾತ್ರ ಅಲ್ಲ, ಯಾವ ಕಷಾಯ ಶುರು ಮಾಡಿದರೂ ಡಾಕ್ಟರಿಗೆ ಹೇಳಿ. ಅಪ್ಪ ಅಮ್ಮಂದಿರು ಹೇಳಲ್ಲ, ಬೈತಾರೆ ಅಂತ. ನೀವು ಕೇಳಿ ತಿಳಿದುಕೊಳ್ಳಬೇಕು.

ಜುನಿಪರ್ ಅಂತ ಮಾರುವ ಬೇರೆ ಗಿಡಗಳು

ಈಗ ಹುಡುಗನ ಫೋಟೊಗೆ ಬರೋಣ. ನೋಡಿದ ಕೂಡಲೇ ಅನುಮಾನ ಬಂತು. ಎಲೆ ಸೂಜಿಯಾಗಿರಲಿಲ್ಲ. ಬೀಸಣಿಗೆಯ ಹಾಗೆ ಚಪ್ಪಟೆಯಾಗಿ ಹರಡಿದ, ಮೀನಿನ ಹುರುಪೆಯಂಥ ಎಲೆ. ಹತ್ತಿರದಿಂದ ಇನ್ನೊಂದು ಫೋಟೊ ಕಳಿಸು ಅಂದೆ. ಕಾಯಿ ಇತ್ತು: ಬೂದಿಹಸಿರು ಬಣ್ಣ, ಆದರೆ ಗುಂಡಗಿಲ್ಲ, ಮೇಲೆ ಕೊಂಬಿನಂತೆ ಬಾಗಿದ ಮೊನೆಗಳು. ಅದು ಥೂಜಾ. ಮೋರ್‌ಪಂಖ್ ಅಂತ ನರ್ಸರಿಗಳಲ್ಲಿ ಬೇಲಿಗೆ, ಗೇಟಿನ ಪಕ್ಕಕ್ಕೆ ಮಾರ್ತಾರಲ್ಲ, ಅದೇ. ಅದರ ಕಾಯಿ ಹಣ್ಣಾದ ಮೇಲೆ ಕಂದಾಗಿ ಒಡೆದುಕೊಳ್ಳುತ್ತೆ. ಜುನಿಪರ್ ಕಾಯಿ ಒಡೆಯೋದಿಲ್ಲ. ಥೂಜಾದ ಎಲೆ, ಕಾಯಿ ಯಾವುದನ್ನೂ ಮನೆಮದ್ದು ಅಂತ ತಿನ್ನೋಕೆ ಹೋಗಬೇಡಿ.

ಬೆಂಗಳೂರು ಕಡೆಯ ಬಂಗಲೆ ತೋಟಗಳಲ್ಲಿ, ಪಾರ್ಕುಗಳಲ್ಲಿ ನಿಜವಾದ ಜುನಿಪರ್ ಕುಲದ ಗಿಡಗಳೂ ಇವೆ. ಅವು ಹೆಚ್ಚಾಗಿ ಚೀನೀ ಜುನಿಪರ್, ಅಂದಕ್ಕೆ ಬೆಳೆಸಿದ್ದು. ಹೆಸರು ಜುನಿಪರ್ ಅಂದ ಮಾತ್ರಕ್ಕೆ ಅದರ ಕಾಯಿ ಔಷಧಿಯಲ್ಲ. ಈ ಕುಲದಲ್ಲಿ ಐವತ್ತಕ್ಕೂ ಹೆಚ್ಚು ಜಾತಿಗಳಿವೆ. ಅದರಲ್ಲಿ ಯುರೋಪಿನ ಸ್ಯಾವಿನ್ ಅನ್ನೋದಂತೂ ವಿಷ. ನೋಡೋಕೆ ಅದರ ಕಾಯಿಯೂ ನೀಲಿಗಪ್ಪು, ಗುಂಡಗೆ. ಬೆಳೆದ ಗಿಡದ ಎಲೆ ಮಾತ್ರ ಹುರುಪೆಯಂತೆ, ಉಜ್ಜಿದರೆ ಕೆಟ್ಟ ವಾಸನೆ. ಹಿಂದೆ ಗರ್ಭ ಇಳಿಸೋಕೆ ಅದನ್ನು ಬಳಸಿ ಪ್ರಾಣ ಕಳೆದುಕೊಂಡ ಹೆಂಗಸರಿದ್ದಾರೆ. ಒಣಗಿಸಿ ಪುಡಿ ಮಾಡಿಬಿಟ್ಟರೆ ಇವನ್ನೆಲ್ಲ ಕಣ್ಣಿಂದ ಬೇರೆ ಮಾಡೋಕೆ ಆಗಲ್ಲ. ಅದಕ್ಕೇ ಯಾರಾದರೂ ತಗೊಳ್ಳಲೇಬೇಕು ಅಂದರೆ ಇಡೀ ಕಾಯಿಯನ್ನೇ ತಗೊಳ್ಳಿ, ಪುಡಿ ಬೇಡ. ಬಾಟಲಿ ಎಣ್ಣೆಯಂತೂ ಕುಡಿಯಲೇಬಾರದು. 10 ಗ್ರಾಂ ಕಾಯಿಯಲ್ಲಿ ಇರುವ ತೈಲ ಅಂದರೆ ನಾಲ್ಕೈದು ಹನಿ, ಬಾಟಲಿಯಿಂದ ಬಗ್ಗಿಸುವಾಗ ಅಷ್ಟು ಲೆಕ್ಕ ಯಾರು ಇಡ್ತಾರೆ?

ನಮ್ಮಲ್ಲಿ ಬೆಳೆಯಬಹುದಾ?

ಬೇಡ. ಕಾರಣ ಹೇಳ್ತೀನಿ. ಇದು ಚಳಿಗಾಲದಲ್ಲಿ ಹಿಮ ಬೀಳುವ ಕಡೆಯ ಗಿಡ. ಮುಳ್ಳಯ್ಯನಗಿರಿ 1,900 ಮೀಟರ್ ದಾಟುತ್ತೆ, ಅಲ್ಲಿ ಆಗಲ್ವಾ ಅಂತ ಕೇಳಬಹುದು. ಎತ್ತರ ಇದ್ದರೆ ಸಾಲದು. ನಮ್ಮ ಘಟ್ಟದಲ್ಲಿ ನಾಲ್ಕು ತಿಂಗಳು ಸುರಿಯುವ ಮಳೆ ಇದೆ, ತಿಂಗಳುಗಟ್ಟಲೆ ಕೊರೆಯುವ ಚಳಿ ಇಲ್ಲ. ಜುನಿಪರ್‌ಗೆ ಬೇಕಾದ್ದು ಅದರ ಉಲ್ಟಾ. ನೀರು ನಿಲ್ಲದ ಕಲ್ಲುನೆಲ, ಪೂರ್ತಿ ಬಿಸಿಲು. ಅಡಿಕೆ ನೆರಳಲ್ಲಿ ಹಾಕೋದು ಕನಸಲ್ಲೂ ಬೇಡ. ಅದರ ಬೀಜ ಹಟಮಾರಿ, ಬೆಚ್ಚಗೆ ಕೆಲವು ತಿಂಗಳು, ತಣ್ಣಗೆ ಕೆಲವು ತಿಂಗಳು ಕಳೆದು, ಎರಡನೇ ವರ್ಷಕ್ಕೆ ಮೊಳೆತರೂ ಮೊಳೆಯಿತು. ಬೀಜದಿಂದ ಬಂದ ಗಿಡ ಹೆಣ್ಣೋ ಗಂಡೋ ಗೊತ್ತಾಗೋಕೆ ಎಷ್ಟೋ ವರ್ಷ. ಮೂರನೇ ವರ್ಷಕ್ಕೆ ಕಾಯಿ ಅಂತ ಹೇಳಿದವನು ಈ ಗಿಡವನ್ನು ನೋಡಿಯೇ ಇಲ್ಲ.

ಇನ್ನೊಂದು ಮಾತು. ಅಡಿಕೆಗೆ ಕೊಳೆ ತರುವ ಫೈಟಾಫ್ತೊರಾ ನಿಮಗೆ ಗೊತ್ತು. ಅದೇ ಕುಲದ ಇನ್ನೊಂದು ಜಾತಿ ಬ್ರಿಟನ್ನಿನ ಕಾಡು ಜುನಿಪರ್‌ಗಳ ಬೇರಿಗೆ ಬಿದ್ದು ಗುಡ್ಡಗಟ್ಟಲೆ ಪೊದೆ ಒಣಗಿಸಿದೆ, ಅದೂ ಒದ್ದೆ ನೆಲ ಇರುವ ಕಡೆ ಜಾಸ್ತಿ. ಮಲೆನಾಡಿನ ಜುಲೈನಲ್ಲಿ ಇದರ ಗತಿ ಏನು ಅಂತ ಊಹಿಸಿಕೊಳ್ಳಿ.

200 ಗಿಡಕ್ಕೆ 90,000 ರೂಪಾಯಿ. ಹುಡುಗ 5,000 ಅಡ್ವಾನ್ಸ್ ಕೊಟ್ಟಾಗಿತ್ತು. ಕಾಯಿಯ ಎರಡು ಫೋಟೊ ಪಕ್ಕಪಕ್ಕ ಇಟ್ಟು, ಸೂಜಿ ಎಲೆ, ಬಿಳಿ ಪಟ್ಟಿ, ಮೂರು ಗೆರೆ ಎಲ್ಲ ಬರೆದು ಕಳಿಸಿದೆ. ಅದನ್ನೇ ಮಾರುವವನಿಗೆ ತೋರಿಸಿದನಂತೆ. "ಇದು ಇಂಡಿಯನ್ ಜುನಿಪರ್, ಬೇರೆ ಥರ" ಅಂದನಂತೆ ಅವನು! ದುಡ್ಡು ವಾಪಸ್ ಬಂದಿಲ್ಲ, ಉಳಿದ 85,000 ಉಳೀತು.

ಹಾಗಾದರೆ ಮೂತ್ರದ ತೊಂದರೆಗಳಿಗೆ ಬಳಸುವ ಗಿಡ ಬೆಳೆಯಲೇಬೇಕು ಅಂತಿದ್ದರೆ ಏನು ಅಂತ ಹುಡುಗ ಕೇಳಿದ. ಬಯಲುಸೀಮೆಯ ಹೊಲದಲ್ಲಿ ಕಾಲಿಗೆ ಚುಚ್ಚುವ ನೆಗ್ಗಿಲು ಮುಳ್ಳು ಇದೆಯಲ್ಲ, ಆಯುರ್ವೇದದವರ ಗೋಕ್ಷುರ ಅದೇ. ಕಳೆ ಅಂತ ಕಿತ್ತೆಸೆಯುವ ಪುನರ್ನವ ಇದೆ. ಎರಡಕ್ಕೂ ಔಷಧಿ ಕಂಪನಿಗಳಲ್ಲಿ ಬಳಕೆ ಇದೆ. ಆದರೆ ಬಿತ್ತೋಕೆ ಮುಂಚೆ ಕೊಳ್ಳುವವರು ಯಾರು, ಬೇರು ಬೇಕಾ ಕಾಯಿ ಬೇಕಾ, ಎಷ್ಟು ಒಣಗಿರಬೇಕು ಅನ್ನೋದನ್ನು ಬರಹದಲ್ಲಿ ತಗೊಳ್ಳಿ. ಇದರ ಬಗ್ಗೆ ಬೇರೆ ವಾರ ವಿವರವಾಗಿ ಬರೀತೀನಿ.

ನನ್ನ ಕೆಲಸದಲ್ಲೂ ಒಂದು ಬದಲಾವಣೆ ಆಯ್ತು. ನಾನು ಒಣಶುಂಠಿ, ನೆಲ್ಲಿಚಟ್ಟು, ಅಮೃತಬಳ್ಳಿ ಪುಡಿ ಮಾಡಿ ಮಾರ್ತೀನಿ. ಪ್ಯಾಕೆಟ್ ಮೇಲೆ ಇಷ್ಟು ದಿನ ಗುಣಗಳ ಪಟ್ಟಿ ಉದ್ದಕ್ಕೆ ಇತ್ತು. ಯಾರಿಗೆ ಬೇಡ ಅನ್ನೋದು ಒಂದು ಸಾಲೂ ಇರಲಿಲ್ಲ. ಮಾವನಿಗೆ ಕಾಯಿ ಮಾರಿದವನನ್ನು ಬೈಯೋಕೆ ಬಾಯಿ ತೆರೆದಾಗ ಇದು ನೆನಪಾಗಿ ಸುಮ್ಮನಾದೆ. ಪರಿಚಯದ ಆಯುರ್ವೇದ ವೈದ್ಯರ ಹತ್ತಿರ ಕೂತು ಬರೆಸಿಕೊಂಡು, ಈ ಸಲದ ಅಮೃತಬಳ್ಳಿ ಪ್ಯಾಕೆಟಿನಲ್ಲಿ ಗುಣದ ಪಟ್ಟಿ ಮೊಟಕು ಮಾಡಿ, ಅಳತೆ, ಎಷ್ಟು ದಿನ, ಶುಗರ್ ಮಾತ್ರೆ ತಗೊಳ್ಳೋರು, ಲಿವರ್ ತೊಂದರೆ ಇರೋರು, ಬಸುರಿಯರು ವೈದ್ಯರನ್ನು ಕೇಳದೆ ಬಳಸಬೇಡಿ ಅಂತ ದಪ್ಪ ಅಕ್ಷರದಲ್ಲಿ ಹಾಕಿಸಿದ್ದೀನಿ. ಇಬ್ಬರು ಗಿರಾಕಿಗಳು "ಇಷ್ಟು ಹೆದರಿಸಿದರೆ ಯಾರು ತಗೋತಾರೆ" ಅಂದರು. ಒಬ್ಬರು ಫೋನ್ ಮಾಡಿ, ತಮ್ಮ ಅತ್ತೆಗೆ ಲಿವರ್ ತೊಂದರೆ ಇದೆ, ಕೊಡಬಹುದಾ ಅಂತ ಕೇಳಿದರು. ಬೇಡ ಅಂದೆ.

ಮಾವನ ಡಬ್ಬಿಯಲ್ಲಿ ಉಳಿದ ಕಾಯಿ ಈಗ ನಮ್ಮ ಮನೆಯಲ್ಲಿದೆ. ಹತ್ತು ಕಾಯಿ ಒಡೆದು ಬೀಜ ತೆಗೆದು, ಒದ್ದೆ ಮರಳಿನ ಡಬ್ಬಿಯಲ್ಲಿಟ್ಟು ಫ್ರಿಜ್ಜಿನಲ್ಲಿಟ್ಟಿದ್ದೀನಿ. ಬೆಳೆಸೋಕೆ ಅಲ್ಲ, ಕುತೂಹಲಕ್ಕೆ. ಒಣಗಿಸಿದ ಕಾಯಿಯ ಬೀಜ, ಮೊಳೆಯೋ ಸಾಧ್ಯತೆ ಕಡಿಮೆ. ಐದು ತಿಂಗಳಾಯ್ತು, ಇನ್ನೂ ಒಂದೂ ಮೊಳೆತಿಲ್ಲ.